ನೇರಳೆ ಹೊಟ್ಟೆಯ ಹರಳು

ಏಳನೆಯ ಕಂತು

“ಪ್ರಭು, ಮೂಗು ಸ್ವಲ್ಪ ಇತ್ತ ತಾರಪ್ಪ,” ಎಂದರು ನಿರ್ಮಲಮ್ಮ.

ಬಸವಪ್ರಭು ತರಲಿಲ್ಲ. ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರಾದ ಮೇಲೆ ಅವರ ಮೂಗು ಅಷ್ಟು ಸುಲಭಕ್ಕೆ ಬಾಗುತ್ತಿರಲಿಲ್ಲ. ಆದರೆ ಎದುರಿಗೆ ನಿಂತಿದ್ದಾಕೆ ಪಿಯುಸಿಯಲ್ಲಿ ತಮಗೆ ಪಾಠ ಹೇಳಿದವರು. ಪ್ರಾಕ್ಟಿಕಲ್ ಪರೀಕ್ಷೆಯ ದಿನ ತಾವು ಪಿಪೆಟ್ ಒಡೆದಾಗ ಯಾರಿಗೂ ಹೇಳದೆ ಇನ್ನೊಂದು ತಂದುಕೊಟ್ಟವರು.

“ಏನೈತ್ರಿ ಮೇಡಂ ಅದರಾಗೆ?”

“ಸುಣ್ಣ. ನನ್ನ ಎಲೆ ಅಡಿಕೆ ಡಬ್ಬಿದು. ಹೆದರಬ್ಯಾಡ.”

ಮೇಜಿನ ಮೇಲೆ ಎರಡು ಪುಟ್ಟ ಪಿಂಗಾಣಿ ಬಟ್ಟಲುಗಳಿದ್ದವು. ಒಂದರಲ್ಲಿ ಜಾಡಿಯ ಹರಳಿನಿಂದ ಬ್ಲೇಡಿನಲ್ಲಿ ಕೆರೆದು ತೆಗೆದ ಚಿಟಿಕೆ ಪುಡಿ. ಇನ್ನೊಂದರಲ್ಲಿ ಲ್ಯಾಬಿನ ಬಾಟಲಿಯ ಪಟಿಕದ ಪುಡಿ. ಎರಡೂ ಬೆಳ್ಳಗೆ, ಎರಡೂ ಸಕ್ಕರೆಯ ಹಾಗೆ ಮಿನುಗುತ್ತಿದ್ದವು. ಯಾವುದು ಯಾವುದೆಂದು ಮರೆಯಬಾರದೆಂದು ನಿರ್ಮಲಮ್ಮ ಬಟ್ಟಲುಗಳ ಕೆಳಗೆ ಚೀಟಿ ಬರೆದಿಟ್ಟಿದ್ದರು. ಚೀಟಿ ಹಾರಿಹೋದೀತೆಂದು ಅದರ ಅಂಚಿಗೆ ಕನ್ನಡಕದ ಡಬ್ಬಿಯನ್ನೂ ಇಟ್ಟಿದ್ದರು.

ಸೋಮವಾರ ಬೆಳಿಗ್ಗೆ ಜಾಡಿಯಲ್ಲಿ ತೂಗುತ್ತಿರುವ ಹರಳು ನಮ್ಮದಲ್ಲ ಎಂದು ಮೊದಲು ಕೂಗಿ ಹೇಳಿದವಳು ಅಟೆಂಡರ್ ಭಾಗ್ಯಲಕ್ಷ್ಮಿ. ಗುರುವಾರದ ಹೊತ್ತಿಗೆ ಕಳ್ಳಿ ಅವಳೇ ಆಗಿಬಿಟ್ಟಿದ್ದಳು.

ಈಗ ಅವಳು ಬಾಗಿಲ ಪಕ್ಕ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಹದಿನೆಂಟು ವರ್ಷದಿಂದ ಈ ಲ್ಯಾಬಿನ ನೆಲ ಒರೆಸಿದವಳು. ಈ ವರ್ಷ ಕಾಯಂ ಮಾಡುವ ಪಟ್ಟಿಯಲ್ಲಿ ಅವಳ ಹೆಸರಿತ್ತು. ಇವತ್ತು ಸಂಜೆ ಐದಕ್ಕೆ ಆಡಳಿತ ಮಂಡಳಿಯ ಸಭೆ. ಅಷ್ಟರೊಳಗೆ ‘ಒರೆಸುವಾಗ ಹರಳು ಒಡೆದೆ, ಬೇರೆಯದನ್ನು ತಂದಿಟ್ಟೆ, ಕ್ಷಮಿಸಿ’ ಎಂಬ ಕಾಗದಕ್ಕೆ ಸಹಿ ಹಾಕಬೇಕೆಂದು ಬಸವಪ್ರಭು ಹೇಳಿದ್ದರು. ಸಹಿ ಹಾಕಿದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಹಾಕದಿದ್ದರೆ ಪೊಲೀಸರು ಬರುತ್ತಾರೆ.

ನಿರ್ಮಲಮ್ಮ ಎರಡೂ ಬಟ್ಟಲಿಗೆ ಕಡಲೆಕಾಳಿನಷ್ಟು ಸುಣ್ಣ, ಎರಡೆರಡು ಹನಿ ನೀರು ಹಾಕಿ ಗಾಜಿನ ಕಡ್ಡಿಯಲ್ಲಿ ಅರೆದರು.

ಲ್ಯಾಬಿನ ಪುಡಿ ಸುಮ್ಮನಿತ್ತು. ಹರಳಿನ ಪುಡಿಯಿಂದ ಘಾಟು ಎದ್ದಿತು. ಮೂಗಿನ ಒಳಗೆ ಸೂಜಿ ಆಡಿಸಿದಂಥ ಘಾಟು.

ಬಾಗಿಲಲ್ಲಿದ್ದ ಭಾಗ್ಯಲಕ್ಷ್ಮಿಗೇ ಅದು ಮೊದಲು ತಟ್ಟಿತು. “ಬಸ್ ಸ್ಟ್ಯಾಂಡ್ ನೆನಪಾತು ನೋಡ್ರಿ.”

“ಯಾವ ಮೂಲೆ ಅಂತ ಹೇಳಬ್ಯಾಡ,” ಎಂದರು ನಿರ್ಮಲಮ್ಮ. “ಪ್ರಭು, ಏನಪ್ಪ ಇದು?”

ಬಸವಪ್ರಭು ಈಗ ಬಾಗಿದರು. ನೆಟ್ಟಗಾದರು. “ಅಮೋನಿಯಾ,” ಎಂದರು, ಮನಸ್ಸಿಲ್ಲದ ಮನಸ್ಸಿನಿಂದ.

“ಹೌದು. ಈ ಹರಳು ಅಮೋನಿಯಂ ಪಟಿಕದ್ದು. ಭಾಗ್ಯ ಹನ್ನೊಂದು ವರ್ಷ ಜಾಡಿಗೆ ಹಾಕಿ ಹರಳು ಬೆಳೆಸ್ತಾ ಬಂದಿದ್ದು ಈ ಬಾಟಲೀದು. ಪೊಟ್ಯಾಸಿಯಂ ಪಟಿಕ.”

“ನೋಡಾಕೆ ಎರಡೂ ಒಂದೇ ಅದಾವಲ್ರಿ,” ಎಂದಳು ಭಾಗ್ಯಲಕ್ಷ್ಮಿ.

ಜಾಡಿಯಲ್ಲಿದ್ದ ಹರಳು ನಿಜವಾಗಿಯೂ ಮುದ್ದಾಗಿತ್ತು. ಮುಷ್ಟಿಗಾತ್ರ, ಎಂಟು ಮುಖ, ನೀರಿನಷ್ಟು ತಿಳಿ. ಅದರ ಹೊಟ್ಟೆಯೊಳಗೆ ನೇರಳೆ ಹಣ್ಣಿನಂಥ ಕಪ್ಪು ನೇರಳೆಯ ಇನ್ನೊಂದು ಪುಟ್ಟ ಹರಳು. ಒಳಗಿನದಕ್ಕೂ ಎಂಟೇ ಮುಖ. ಅಸಲಿ ಹರಳೂ ಹೀಗೆಯೇ ಇತ್ತು. ವಿಭಾಗವನ್ನು ಕಟ್ಟಿದ ಪಂಚಾಕ್ಷರಪ್ಪ ಮೇಷ್ಟ್ರು ನಿವೃತ್ತರಾಗುವ ವರ್ಷ, ಮಕ್ಕಳಿಗೆ ಸಮರೂಪತೆಯನ್ನು ತೋರಿಸಲೆಂದು ಬೆಳೆಸಲು ಶುರುಮಾಡಿದ್ದು. ಭಾನುವಾರ ಕಾಲೇಜಿನ ಸುವರ್ಣ ಮಹೋತ್ಸವ. ಅಂದು ಅದನ್ನು ಜಾಡಿಯಿಂದ ತೆಗೆದು ಗಾಜಿನ ಪೆಟ್ಟಿಗೆಯಲ್ಲಿಡುವುದಿತ್ತು.

“ಸಮರೂಪತೆ ಅಂದ್ರೇನು, ಅವಳಿಗೆ ಹೇಳು ಪ್ರಭು.”

“ಸದೃಶ ರಾಸಾಯನಿಕ ಸಂಯೋಜನೆಯುಳ್ಳ ವಿಭಿನ್ನ ವಸ್ತುಗಳು ಒಂದೇ ಸ್ಫಟಿಕರೂಪವನ್ನು...”

“ಅವಳಿಗೆ ಅಂದೆ. ಪೇಪರ್ ತಿದ್ದೋರಿಗಲ್ಲ.” ನಿರ್ಮಲಮ್ಮ ಅವಳ ಕಡೆ ತಿರುಗಿದರು. “ನೀನು ಬಾಗಿಲಿಗೆ ಚುಕ್ಕಿ ರಂಗೋಲಿ ಹಾಕ್ತೀಯಲ್ಲ? ಅಕ್ಕಿಹಿಟ್ಟಿನಾಗೆ ಹಾಕಿದ್ರೂ ಚುಕ್ಕಿ ಅವೇ, ಕಲ್ಲುಪುಡಿಯಾಗೆ ಹಾಕಿದ್ರೂ ಅವೇ. ರೂಪ ಒಂದೇ, ಮಾಲು ಬೇರೆ. ಅರ್ಧ ಹಿಟ್ಟು ಮುಗಿದ್ರೆ ಉಳಿದರ್ಧ ಕಲ್ಲುಪುಡಿಯಾಗೆ ಮುಂದುವರಿಸಬಹುದು, ಗೆರೆ ಮುರಿಯಲ್ಲ. ಹಂಗೇ ಈ ನೇರಳೆ ಪಟಿಕದ ಮೇಲೆ ಬಿಳಿ ಪಟಿಕ ಬೆಳೆದಿರೋದು. ನಿಂತು ನೋಡೋ ಮನುಷ್ಯರಿಗೆ ಒಂದೇ ರಂಗೋಲಿ. ಇರುವೆಗೆ ಮಾತ್ರ ಗೊತ್ತಾಗ್ತೈತೆ ಯಾವುದು ಹಿಟ್ಟು ಅಂತ.”

“ಹಂಗಾದ್ರೆ ಈ ಸುಣ್ಣ ನಮ್ಮ ಇರುವೆ ಅನ್ರಿ,” ಎಂದಳು ಭಾಗ್ಯಲಕ್ಷ್ಮಿ. ಮೂರು ದಿನದಲ್ಲಿ ಮೊದಲ ಸಲ ಅವಳ ಮುಖ ಸಡಿಲವಾಯಿತು.

ಬಸವಪ್ರಭು ನಗಲಿಲ್ಲ. “ಮೇಡಂ, ಬೇರೆ ಹರಳು ಅಂತ ನಾನೂ ಒಪ್ಪೀನಿ. ತಂದಿಟ್ಟೋಳು ಅವಳು ಅಂತ ನಾನು ಹೇಳ್ತಿರೋದು. ಪೇಟೇಲಿ ಪಟಿಕ ಯಾರಿಗಾದ್ರೂ ಸಿಗ್ತೈತೆ.”

“ಇಷ್ಟು ದಪ್ಪ ಬೆಳೀಬೇಕಾದ್ರೆ ಎಷ್ಟು ದಿನ ಬೇಕು?”

ಅವರು ತಡವರಿಸಿದರು. “ಎಂಟು ತಿಂಗಳು. ಹತ್ತೂ ಆಗಬಹುದು.”

“ಹೋದ ವಾರ ಒರೆಸುವಾಗ ಒಡೆದೋಳು ಹತ್ತು ತಿಂಗಳ ಹಿಂದೇನೇ ಬದಲಿ ಹರಳು ಬೆಳೆಸಿಟ್ಟಿದ್ಲೇನಪ್ಪ? ಅಷ್ಟು ಮುಂದಾಲೋಚನೆ ಇದ್ದಿದ್ರೆ ಅವಳು ಇಷ್ಟೊತ್ತಿಗೆ ಪ್ರಿನ್ಸಿಪಾಲ್ ಆಗಿರ್ತಿದ್ಲು.” ನಿರ್ಮಲಮ್ಮ ಜಾಡಿಯನ್ನು ಬೆಳಕಿಗೆ ತಿರುಗಿಸಿದರು. “ಇನ್ನು ಈ ನೇರಳೆ. ಇದು ಕ್ರೋಮ್ ಪಟಿಕ. ಇದು ಪೇಟೇಲಿ ಸಿಗಲ್ಲ. ಲ್ಯಾಬಿನ ಬಾಟಲಿ ಎಲ್ಲಿ?”

ಬಾಟಲಿ ಕಪಾಟಿನಲ್ಲೇ ಇತ್ತು. ಮುಚ್ಚಳದ ಮೇಣ ಹಾಗೇ ಇತ್ತು, ಯಾರೂ ಒಡೆದಿರಲಿಲ್ಲ.

“ಇನ್ನೊಂದು ಬಾಟ್ಲಿ ಇತ್ತಲ್ರಿ,” ಎಂದಳು ಭಾಗ್ಯಲಕ್ಷ್ಮಿ. “ಮೇಷ್ಟ್ರು ರಿಟೈರ್ ಆದಾಗ ಶಾಲು, ಹಣ್ಣಿನ ಬುಟ್ಟಿ ಜತಿಗೆ ನಾನೇ ಆಟೋದಾಗೆ...”

ಅಲ್ಲಿಗೇ ನಾಲಗೆ ಕಚ್ಚಿಕೊಂಡಳು.

ನಿರ್ಮಲಮ್ಮ ಜಾಡಿಯಿಂದ ಕೈ ತೆಗೆದರು. ಪಂಚಾಕ್ಷರಪ್ಪ ಬರೀ ಕಾಲೇಜಿನ ಮೇಷ್ಟ್ರಲ್ಲ. ಬಿ.ಎಸ್ಸಿಯಲ್ಲಿ ನಿರ್ಮಲಮ್ಮನಿಗೆ ಪಾಠ ಹೇಳಿದವರು, ಹೆಣ್ಣುಮಗಳಿಗೆ ಯಾಕೆ ಇಷ್ಟು ಓದು ಎಂದ ಅವರ ಅಪ್ಪನ ಹತ್ತಿರ ಬಂದು ವಾದ ಮಾಡಿದವರು.

ಬಸವಪ್ರಭು ಗಡಿಯಾರ ನೋಡಿದರು. ಹನ್ನೊಂದೂವರೆ.

“ಐದು ಗಂಟಿ ತನಕ ಟೈಮ್ ಐತೆ ಮೇಡಂ. ಯಾರು ತಗೊಂಡ್ರು ಅಂತ ಬರಹದಾಗೆ ತರ್ರಿ. ಇಲ್ಲಾಂದ್ರೆ ಇವಳು ಸೈನ್ ಮಾಡ್ಲಿ.”

*

ಆನೆಕೊಂಡದ ತಮ್ಮ ಮನೆಯ ಗ್ಯಾಸ್ ಆರಿಸಿದ್ದೆನೋ ಇಲ್ಲವೋ ಎಂಬ ಯೋಚನೆ ನಿರ್ಮಲಮ್ಮನಿಗೆ ಮೇಷ್ಟ್ರ ಊರಾದ ಹರಿಹರದ ಬಸ್ಸು ಹತ್ತಿದ ಮೇಲೆ ಬಂತು. ಬೆಳಿಗ್ಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡಿದ್ದು ನೆನಪಿತ್ತು, ಗ್ಯಾಸಿನದು ನೆನಪಿರಲಿಲ್ಲ. ಪಕ್ಕದ ಮನೆಯವರಿಗೆ ಫೋನು ಮಾಡಿ ಕಿಟಕಿಯಿಂದ ಮೂಸಿ ನೋಡಲು ಹೇಳಿದರು. “ಮೂಸಿದೆ ರೀ, ವಾಸನಿ ಏನೂ ಇಲ್ಲ, ನಿನ್ನೆನೂ ಇರಲಿಲ್ಲ,” ಎಂದು ಆಕೆ ನಕ್ಕು ಇಟ್ಟರು.

ಅಲ್ಲಿಗೆ ನಿರ್ಮಲಮ್ಮನಿಗೆ ಸಮಾಧಾನವಾಯಿತು. ಕಿಟಕಿಯ ಪಕ್ಕದ ಸೀಟು, ಆಧಾರ್ ತೋರಿಸಿದ್ದಕ್ಕೆ ಸಿಕ್ಕ ಉಚಿತ ಚೀಟಿ, ಆಷಾಢದ ಗಾಳಿ. ರಸ್ತೆಯ ಎರಡೂ ಬದಿಗೆ ಭತ್ತದ ಸಸಿ ಮಡಿಗಳು ಗಿಣಿ ಹಸಿರಿನಲ್ಲಿದ್ದವು. ಜೀವನದಲ್ಲಿ ತಾನು ಹೆದರಿದ್ದರಲ್ಲಿ ಮುಕ್ಕಾಲು ಪಾಲು ನಡೆದೇ ಇಲ್ಲವೆಂಬುದು ಅವರಿಗೆ ಗೊತ್ತಿತ್ತು. ಆದರೂ ಹೆದರುವುದನ್ನು ಬಿಟ್ಟಿರಲಿಲ್ಲ. ಹೆದರಿಕೆಯಿಂದಲೇ ಅಲ್ಲವೇ ಎಲ್ಲವನ್ನೂ ಎರಡು ಸಲ ನೋಡುವ ಅಭ್ಯಾಸ ಬಂದದ್ದು.

ಮೇಷ್ಟ್ರ ಮನೆಗೆ ನೇರ ಹೋಗಲು ಕಾಲು ಬರಲಿಲ್ಲ. ದೇವಸ್ಥಾನದ ಬೀದಿಯ ತಿರುವಿನಲ್ಲಿ ಜಮಾಲುದ್ದೀನರ ಗ್ರಂಧಿಗೆ ಅಂಗಡಿಯಿತ್ತು. ಅಳಲೆಕಾಯಿಯಿಂದ ಹಿಡಿದು ಕುಂಕುಮದವರೆಗೆ, ಬಾಣಂತಿಯಿಂದ ಹಿಡಿದು ಹೆಣದವರೆಗೆ ಬೇಕಾದ್ದೆಲ್ಲ ಅಲ್ಲಿ ಸಿಗುತ್ತಿತ್ತು.

“ಪಟಿಕ ಬೇಕಿತ್ತು ಸಾಬ್ರೆ.”

“ಯಾವುದಕ್ಕ್ರಿ ಟೀಚರಮ್ಮ? ದೃಷ್ಟಿಗಾ, ಗಡ್ಡಕ್ಕಾ, ನೀರು ತಿಳಿ ಮಾಡಾಕಾ?”

“ಮೂರಕ್ಕೂ ಬೇರೆ ಬೇರೆ ಐತೇನು?”

“ಮಾಲು ಒಂದೇ. ಮಾತು ಬೇರೆ.” ಅವರು ಡಬ್ಬದಿಂದ ಒಂದು ಗಟ್ಟಿ ತೆಗೆದು ಕೊಟ್ಟರು. “ದೃಷ್ಟಿಗಾದ್ರೆ ಕರಿ ದಾರ ಫ್ರೀ.”

ನಿರ್ಮಲಮ್ಮ ಅಲ್ಲೇ ಚೂರು ಪುಡಿ ಮಾಡಿ, ಅಂಗೈಯಲ್ಲಿ ಸುಣ್ಣದ ಜತೆ ತಿಕ್ಕಿ ಮೂಗಿಗೆ ಹಿಡಿದರು. ಅದೇ ಘಾಟು. ಅಂಗೈಯನ್ನು ಜಮಾಲುದ್ದೀನರ ಕಡೆಗೂ ಚಾಚಿದರು.

“ತೋಬಾ ತೋಬಾ! ನನ್ನ ಮಾಲಿಗೆ ಏನ್ ಮಾಡಿದ್ರಿ ಟೀಚರಮ್ಮ?”

“ಮಾಲು ಚಲೋ ಐತೆ ಸಾಬ್ರೆ. ಇದನ್ನ ಹೆಚ್ಚಿಗೆ ಯಾರು ಒಯ್ತಾರೆ?”

“ಇನ್ಯಾರು, ನಿಮ್ಮ ಪಂಚಾಕ್ಷರಪ್ಪ ಮೇಷ್ಟ್ರು! ಹೋದ ಗಣಪತಿ ಹಬ್ಬದಿಂದ ತಿಂಗಳಾ ಎರಡು ಕೆಜಿ. ನಾನೂ ಕೇಳೇಬಿಟ್ಟೆ, ಅಷ್ಟು ದೃಷ್ಟಿ ತಾಗಾಕೆ ನಿಮ್ಮತ್ರ ಏನೈತ್ರಿ ಮೇಷ್ಟ್ರೆ, ತಲಿ ಮ್ಯಾಲೆ ನಾಕು ಕೂದಲು ಅಂತ. ನಕ್ಕೋತ ಹೋದ್ರು.”

ಗಣಪತಿ ಹಬ್ಬದಿಂದ ಈ ಆಷಾಢಕ್ಕೆ ಹತ್ತು ತಿಂಗಳು. ನಿರ್ಮಲಮ್ಮ ಬೆರಳು ಮಡಿಸಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಹತ್ತೇ.

*

ಬಾಗಿಲು ತೆರೆದವಳು ಸ್ನೇಹಾ, ಮೇಷ್ಟ್ರ ಹಿರಿಮಗಳ ಮಗಳು. ಶ್ರಾವಣದಲ್ಲಿ ಅವಳ ಮದುವೆ. ಕೈಯಲ್ಲಿ ಲಗ್ನಪತ್ರಿಕೆಗಳ ಕಟ್ಟು, ಮೂಗಿನ ಮೇಲೆ ಅರಿಶಿನದ ಕಲೆ.

“ಬರ್ರಿ ಅಜ್ಜಿ. ಅಜ್ಜ ಹಿಂದಿನ ರೂಮಿನಾಗೆ ಅದಾರೆ. ಮುಂಜಾನೆಯಿಂದ ಯಾರನ್ನೂ ಒಳಗೆ ಬಿಟ್ಟಿಲ್ಲ. ನೀವಾದ್ರೂ ಬಯ್ರಿ. ನಾನು ಚಾ ಮಾಡ್ತೀನಿ.”

ನಿರ್ಮಲಮ್ಮ ಬಾಗಿಲು ತಟ್ಟಿದರು. “ಸರ್, ನಾನು ನಿರ್ಮಲಾ.”

ಒಳಗೆ ಅಗುಳಿ ಸರಿಯಿತು.

“ಬಾರವ್ವ. ನೀನು ಬರ್ತೀಯ ಅಂತ ಗೊತ್ತಿತ್ತು. ಇಷ್ಟು ಲಗೂನ ಬರ್ತೀಯ ಅಂದ್ಕಂಡಿರಲಿಲ್ಲ.”

ಎಪ್ಪತ್ತೊಂದರ ಮೇಷ್ಟ್ರು ಬನಿಯನ್ನು, ಪಂಚೆಯಲ್ಲಿದ್ದರು. ಕೊರಳಲ್ಲಿ ಲಿಂಗದ ಕರಡಿಗೆ, ಹಣೆಯಲ್ಲಿ ವಿಭೂತಿ. ಕಿಟಕಿಯ ಕಟ್ಟೆಯ ಮೇಲೆ ದೊಡ್ಡ ಗಾಜಿನ ಪಾತ್ರೆ. ಅದರಲ್ಲಿ ಉಗುರು ಬೆಚ್ಚಗಿನ ನೀರು. ನೀರಿನ ನಡುವೆ, ಅಡ್ಡ ಕಡ್ಡಿಗೆ ತೂಗುಬಿಟ್ಟ ಒಂದು ಹರಳು.

ಮುಷ್ಟಿಗಾತ್ರದ್ದು ಈಗ ಲಿಂಬೆಹಣ್ಣಿನಷ್ಟು ಉಳಿದಿತ್ತು. ಅಂಚುಗಳು ಮೊಂಡಾಗಿ, ತಿಳಿ ಹೊದಿಕೆ ಕರಗಿ, ಒಳಗಿನ ನೇರಳೆ ಹೊರಗೆ ಇಣುಕುತ್ತಿತ್ತು.

“ಎಲ್ಲಿ ಸಿಕ್ಕಿಬಿದ್ದೆ?” ಎಂದು ಕೇಳಿದರು ಮೇಷ್ಟ್ರು, ಪರೀಕ್ಷೆಯ ಅಂಕ ಕೇಳುವ ಹುಡುಗನಂತೆ.

“ಸುಣ್ಣದಾಗೆ.”

ಮೇಷ್ಟ್ರು ನಕ್ಕರು, ಕೆಮ್ಮು ಬರುವಷ್ಟು ನಕ್ಕರು. “ಆ ಪರೀಕ್ಷೆ ಹೇಳಿಕೊಟ್ಟೋನು ನಾನೇ ಅಲ್ಲೇನು?”

“ನೀವೇ. ಎಂಬತ್ತೆರಡರಾಗೆ. ರೂಪ ನೋಡಿ ಮರುಳಾಗಬ್ಯಾಡ್ರಿ, ಮಾಲನ್ನ ಕೇಳ್ರಿ ಅಂತ.” ನಿರ್ಮಲಮ್ಮ ಕೂರಲಿಲ್ಲ. “ಆದ್ರೆ ನನಗೆ ನಗು ಬರ್ತಾ ಇಲ್ಲ ಸರ್. ಅಲ್ಲಿ ಭಾಗ್ಯಲಕ್ಷ್ಮಿನ ಕಳ್ಳಿ ಅಂತದಾರೆ.”

ನಗು ಅರ್ಧಕ್ಕೇ ನಿಂತಿತು. “ಯಾರು?”

“ಪ್ರಭು. ಸಂಜಿ ಐದರೊಳಗೆ ತಪ್ಪೊಪ್ಪಿಗೆ ಬರೆದುಕೊಡಬೇಕಂತೆ. ಹದಿನೆಂಟು ವರ್ಷ ದುಡಿದ ಮೇಲೆ ಅವಳ ಹೆಸರು ಪಟ್ಟೀಲಿ ಬಂದೈತೆ. ಅದು ಹೋಗ್ತೈತೆ.”

“ಅವಳ್ಯಾಕ...” ಮೇಷ್ಟ್ರು ಮಂಚದ ಮೇಲೆ ಕುಸಿದು ಕೂತರು. “ಬದಲಿ ಇಟ್ಟಿದ್ದು ಯಾರಿಗೂ ಗೊತ್ತಾಗಲ್ಲ ಅಂದ್ಕಂಡಿದ್ದೆನವ್ವ. ಯಾರಿಗೂ ಏನೂ ಲುಕ್ಸಾನಿಲ್ಲ. ಅದೂ ಹರಳೇ, ಇದೂ ಹರಳೇ. ಭಾನುವಾರ ಪೆಟ್ಟಿಗೇಲಿ ಕುಂದ್ರಾಕೆ ಯಾವುದಾದ್ರೇನು?”

“ಅವಳಿಗೆ ಗೊತ್ತಾತು ಸರ್. ಅಸಲಿಯ ನೇರಳೆ ಒಂಚೂರು ಎಡಕ್ಕೆ ವಾಲಿತ್ತಂತೆ. ನಿಮ್ಮದು ನೆಟ್ಟಗೆ ಕುಂತೈತೆ.”

“ಹನ್ನೊಂದು ವರ್ಷ ದಿನಾ ನೋಡಿದೋಳು. ನೋಡೇ ನೋಡ್ತಾಳೆ.” ಅವರು ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಶನಿವಾರ ಹೋಗಿದ್ದೆ, ಮಹೋತ್ಸವದ ತಯಾರಿ ನೋಡಾಕೆ ಅಂತ. ಊಟದ ಕ್ಯಾರಿಯರಿನಾಗೆ ಬದಲಿ ಹರಳು. ಕುಂದ್ರಿ ಸರ್, ಚಾ ತರ್ತೀನಿ ಅಂತ ಅವಳು ಕ್ಯಾಂಟೀನಿಗೆ ಓಡಿದಳು. ಅಷ್ಟರಾಗೆ... ಅವಳು ತಂದ ಚಾನೂ ಕುಡಿದು ಬಂದೆ ನೋಡು.”

“ಯಾಕ ಸರ್?”

ಮೇಷ್ಟ್ರು ಬಾಗಿಲ ಕಡೆ ನೋಡಿದರು. ಅಡುಗೆಮನೆಯಲ್ಲಿ ಸ್ನೇಹಾ ಏನೋ ಗುನುಗುತ್ತಿದ್ದಳು.

“ನಮ್ಮ ಮನೆಯಾಕೆಯ ವಜ್ರದ ಮೂಗುಬೊಟ್ಟು ನೆನಪೈತೇನು ನಿನಗೆ?”

ಯಾರಿಗೆ ನೆನಪಿಲ್ಲ? ಒಂಟಿ ಕಲ್ಲು, ಚಿನ್ನದ ಕಟ್ಟು. ತಲೆ ತಿರುಗಿಸಿದರೆ ಗೋಡೆಯ ಮೇಲೆ ಮಿಂಚು ಓಡುತ್ತಿತ್ತು.

“ಅವಳು ಹೋದ ಹದಿನೈದು ದಿನಕ್ಕೆ ಹೆಣ್ಣುಮಕ್ಕಳಿಬ್ಬರೂ ಅದಕ್ಕಾಗಿ ಮಾತು ಬಿಟ್ಟರು. ಒಬ್ಬಳಿಗೆ ಕೊಟ್ರೆ ಇನ್ನೊಬ್ಬಳು ಈ ಹೊಸ್ತಿಲು ತುಳಿಯಲ್ಲ ಅಂದಳು. ನಾನೊಂದು ಸುಳ್ಳು ಹೇಳಿದೆ. ‘ನಿಮ್ಮವ್ವ ಕೇಳ್ಕಂಡಿದ್ಲು, ಮಣ್ಣು ಮಾಡೋವಾಗ ಅವಳ ಜತಿಗೇ ಇಟ್ಟೆ’ ಅಂತ. ಅಲ್ಲಿಗೆ ಜಗಳ ಮುಗೀತು. ಇಬ್ಬರೂ ಅತ್ತು ಒಂದಾದರು. ಈಗ ನೋಡು, ಒಬ್ಬಳ ಮಗಳ ಮದುವಿಗೆ ಇನ್ನೊಬ್ಬಳು ಸೀರೆ ಆರಿಸ್ತಾಳೆ.”

“ಮೂಗುಬೊಟ್ಟು ಎಲ್ಲಿ ಇಟ್ರಿ?”

ಮೇಷ್ಟ್ರು ಪಾತ್ರೆಯ ಕಡೆ ಕಣ್ಣು ಹಾಯಿಸಿದರು.

“ಮನೇಲಿಟ್ರೆ ಅವರ ಕೈಗೆ ಸಿಗ್ತೈತೆ. ಬ್ಯಾಂಕಿನ ಲಾಕರಿಗೆ ಇಬ್ಬರನ್ನೂ ಕರಕೊಂಡು ಹೋಗಬೇಕು. ಕ್ರೋಮ್ ಪಟಿಕದ ದ್ರಾವಣದಾಗೆ ರೇಷ್ಮೆ ದಾರಕ್ಕೆ ಕಟ್ಟಿ ಬಿಟ್ಟೆ. ಮೂರು ವಾರಕ್ಕೆ ಅದರ ಸುತ್ತ ನೇರಳೆ ಹರಳು ಕಟ್ಟಿಕೊಂತು. ಮಸಿ ಅಂಥ ನೇರಳೆ, ಒಳಗೆ ಏನೈತೆ ಅಂತ ಸೂರ್ಯನಿಗೂ ಕಾಣಲ್ಲ. ಅದನ್ನ ಬಿಳಿ ಪಟಿಕದಾಗೆ ಇಳಿಬಿಟ್ರೆ ತಾನೇ ಮೈ ತುಂಬ್ಕಂತ ಹೋಗ್ತೈತೆ. ಆ ದ್ರಾವಣ ಹುಳಿ. ಕಬ್ಬಿಣ, ಹಿತ್ತಾಳೆ ಇಟ್ರೆ ತಿಂದುಬಿಡ್ತೈತೆ. ಚಿನ್ನಕ್ಕೆ ಏನೂ ಆಗಲ್ಲ.” ಅವರ ದನಿಯಲ್ಲಿ ಹಳೆಯ ತರಗತಿಯ ಹುರುಪು ಮರಳಿತ್ತು. “ನಮ್ಮೂರ ದೇವರೇ ಎರಡು ದೇವರು ಒಂದೇ ಮೈಯಾಗೆ ನಿಂತಿಲ್ಲೇನು? ಹಂಗೇ ಅದು. ಸ್ನೇಹಾ ಮದುವಿಗೆ ‘ನಿಮ್ಮಜ್ಜಿ ನಿನಗಂತ ಇಟ್ಟಿದ್ದು’ ಅಂತ ಕೊಡಬೇಕು ಅಂತಿತ್ತು. ಮಹೋತ್ಸವಕ್ಕೆ ಪೆಟ್ಟಿಗೆಗೆ ಬೀಗ ಹಾಕಿಬಿಟ್ರೆ ಆಮೇಲೆ ತೆಗೆಯೋದು ಹೆಂಗೆ?”

ನಿರ್ಮಲಮ್ಮನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ ಏನೋ. ಒಂದು ಸುಳ್ಳನ್ನು ಹನ್ನೊಂದು ವರ್ಷ ದಿನಕ್ಕಿಷ್ಟು ಬೆಳೆಸಿದ ಈ ಮುದುಕ, ಆ ಸುಳ್ಳಿನ ನೆರಳಿನಲ್ಲಿ ಒಂದಾದ ಇಬ್ಬರು ಅಕ್ಕತಂಗಿಯರು. ಬಿಡಿಸಿ ನೋಡಿದರೆ ಕೆಟ್ಟದ್ದು ಎಲ್ಲಿತ್ತು?

ಇತ್ತು. ದಾವಣಗೆರೆಯ ಲ್ಯಾಬಿನ ಬಾಗಿಲಲ್ಲಿ ಸೆರಗು ಹಿಡಿದು ನಿಂತಿತ್ತು.

“ಸರ್, ಕಾಗದ ತಗೊಳ್ರಿ. ಬರೀರಿ.”

ಮೇಷ್ಟ್ರು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದರು: ‘ಪ್ರಯೋಗಾಲಯದ ಹರಳನ್ನು ಶನಿವಾರ ನಾನೇ ತೆಗೆದುಕೊಂಡು ಹೋಗಿ, ಅದರ ಜಾಗದಲ್ಲಿ ಇನ್ನೊಂದನ್ನು ಇಟ್ಟಿರುತ್ತೇನೆ. ಇದರಲ್ಲಿ ಭಾಗ್ಯಲಕ್ಷ್ಮಿಯವರ ತಪ್ಪು ಏನೇನೂ ಇಲ್ಲ.’ ಸಹಿ ಹಾಕಿದರು. ತಾರೀಖು ಮರೆತಿದ್ದರು, ನಿರ್ಮಲಮ್ಮ ನೆನಪಿಸಿ ಹಾಕಿಸಿದರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನ ಒಳಜೇಬಿಗೆ ಸೇರಿಸಿ, ಜಿಪ್ ಎಳೆದು, ಎಳೆದದ್ದನ್ನು ಮುಟ್ಟಿ ನೋಡಿಕೊಂಡರು.

ಮೂರು ಗಂಟೆ. ಮುಂದಿನ ಬಸ್ಸಿಗೆ ಹೋದರೂ ನಾಲ್ಕಕ್ಕೆ ಕಾಲೇಜು. ಸ್ನೇಹಾ ತಂದಿಟ್ಟ ಚಹಾ ಏಲಕ್ಕಿಯ ಘಮಘಮವಿತ್ತು. ಎಷ್ಟೋ ದಿನದ ಮೇಲೆ ನಿರ್ಮಲಮ್ಮ ಕುರ್ಚಿಯ ಬೆನ್ನಿಗೆ ಒರಗಿ ಕೂತು ಚಹಾ ಕುಡಿದರು. ಸ್ನೇಹಾ ಲೋಟ ತೆಗೆದುಕೊಂಡು ಹೋದಳು.

“ಇನ್ನು ಹತ್ತು ನಿಮಿಷ ಕುಂದ್ರು,” ಎಂದರು ಮೇಷ್ಟ್ರು. “ಅದು ಹೊರಗೆ ಬರೋದನ್ನ ನೋಡೇ ಹೋಗು. ನಿನ್ನ ಬಿಟ್ರೆ ಇನ್ಯಾರಿಗೆ ತೋರಿಸ್ಲಿ?”

ಇಬ್ಬರೂ ಪಾತ್ರೆಯ ಮುಂದೆ ಬಾಗಿದರು. ನೇರಳೆ ಬಣ್ಣ ನೀರಿನಲ್ಲಿ ಎಳೆ ಎಳೆಯಾಗಿ ಇಳಿಯುತ್ತಿತ್ತು. ಹರಳು ಕಡಲೆಯಷ್ಟಾಯಿತು. ಆಮೇಲೆ ಅದರ ಒಂದು ಬದಿಯಲ್ಲಿ ಬಿಳಿಯ ಚುಕ್ಕೆ ಮಿನುಗಿತು.

“ಬಂತು,” ಎಂದರು ಮೇಷ್ಟ್ರು. ಚಿಮುಟದಿಂದ ಎತ್ತಿ, ಅಂಗೈ ಮೇಲಿಟ್ಟುಕೊಂಡರು.

ಕಲ್ಲು ಬೆಳ್ಳಗಿತ್ತು. ಆದರೆ ಅದನ್ನು ಹಿಡಿದಿದ್ದ ಕಟ್ಟು ಕಪ್ಪಾಗಿ ತೂತು ತೂತಾಗಿತ್ತು. ಅಂಚಿಗೆ ಪಾಚಿಯಂಥ ಹಸಿರು ಹತ್ತಿತ್ತು. ಬೆರಳು ತಾಗಿದ್ದೇ ತಡ, ಕಟ್ಟು ಪುಡಿಯಾಗಿ ಕಲ್ಲು ಬಿದ್ದುಹೋಯಿತು.

ಮೇಷ್ಟ್ರು ಆ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು.

“ಇದು ಹಿತ್ತಾಳಿ. ನಾನು ಇಟ್ಟಿದ್ದು ಇದಲ್ಲ ನಿರ್ಮಲಾ.”

ನಿರ್ಮಲಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು. ಪುಡಿಯಾದ ಕಟ್ಟಿಗೆ ಎರಡು ಸುತ್ತು ಬಿಗಿದು, ಗಂಟು ಹಾಕಿದ್ದ ಎಳೆಯೊಂದು ಮೇಷ್ಟ್ರ ಅಂಗೈಯಲ್ಲಿ ಉಳಿದಿತ್ತು. ಹೊರಗೆ ಕಂಡಿದ್ದ ದಾರ ರೇಷ್ಮೆಯದೇ, ಆದರೆ ಒಳಗಿನ ಈ ಎಳೆ ರೇಷ್ಮೆಯಲ್ಲ. ಉದ್ದನೆಯ, ಕರಿ ಕೂದಲು.

“ಸರ್, ನೀವು ಮೂಗುಬೊಟ್ಟನ್ನ ರೇಷ್ಮೆ ದಾರಕ್ಕೆ ಕಟ್ಟಿದ್ದು ಅಂದ್ರಿ.”

“ರೇಷ್ಮೆಗೇ. ನನ್ನ ಕೈಯಾರೆ.”

“ಈ ಗಂಟು ನೇರಳೆಯ ಒಳಗೈತೆ. ಅಂದ್ರೆ ನಿಮ್ಮ ನೇರಳೆ ಹರಳೇ ಬೇರೆ, ಇದೇ ಬೇರೆ. ನಿಮ್ಮಂಗೇ ಯಾರೋ ಇನ್ನೊಂದು ಬೆಳೆಸಿ, ಬಿಳಿ ಪಟಿಕಕ್ಕೆ ಬಿಡೋ ಮುಂಚೆನೇ ಬದಲಿಸ್ಯಾರೆ.” ನಿರ್ಮಲಮ್ಮ ಮೆಲ್ಲಗೆ ಕೇಳಿದರು. “ಆವಾಗ ಅದನ್ನ ಯಾರ ಕೈಗೆ ಕೊಟ್ಟಿದ್ರಿ?”

ಮೇಷ್ಟ್ರು ಚಿಮುಟವನ್ನು ಕೆಳಗಿಟ್ಟರು.

“ಶುಕ್ರವಾರ ಸಂಜಿ ಕೊಟ್ಟೆ. ಸೋಮವಾರ ಜಾಡಿಗೆ ಇಳಿಬಿಡು ಅಂದೆ.” ಅವರು ಕೂದಲನ್ನೇ ನೋಡುತ್ತಿದ್ದರು. “ಭಾಗ್ಯಲಕ್ಷ್ಮಿ ಕೈಗೆ. ಆಗ ಅವಳ ಜಡಿ ಮೊಣಕಾಲು ಮುಟ್ತಿತ್ತು.”

ಮನೆಯ ಹಿಂದೆ, ಮಳೆನೀರಿಗೆ ಕೆಂಪಾದ ಹೊಳೆಯ ಮೇಲಿನ ಗಾಳಿ ಕಿಟಕಿಯ ಬಾಗಿಲನ್ನು ಒಂದೇ ಸಮ ಬಡಿಯುತ್ತಿತ್ತು.

“ಆ ಕಾಗದ ವಾಪಸ್ ಕೊಡು ನಿರ್ಮಲಾ.”

“ಸರ್, ಹರಳು ಒಯ್ದಿದ್ದು ನೀವೇ. ಅದರಾಗೆ ಸುಳ್ಳೇನಿಲ್ಲ.”

“ಅವಳ ತಪ್ಪು ಏನೇನೂ ಇಲ್ಲ ಅಂತ ಬರೆದೀನಿ. ಅದು ಸುಳ್ಳಾದ್ರೆ?” ಮೇಷ್ಟ್ರ ಕೈ ಚಾಚಿಯೇ ಇತ್ತು. “ಕೊಡವ್ವ.”

ನಿರ್ಮಲಮ್ಮ ಬ್ಯಾಗನ್ನು ಎದೆಗೆ ಒತ್ತಿಕೊಂಡರು. ಕಳ್ಳಿಯಾದವಳು ಹರಳು ಬದಲಾಗಿದೆ ಎಂದು ತಾನೇ ಕೂಗುತ್ತಾಳೆಯೇ? ಹನ್ನೊಂದು ವರ್ಷ ಅದಕ್ಕೆ ಉಣಿಸುತ್ತಾಳೆಯೇ? ಕೂಗುವುದಿಲ್ಲ, ಉಣಿಸುವುದಿಲ್ಲ ಎಂದು ಮನಸ್ಸು ಹೇಳುತ್ತಿತ್ತು. ಅಂಗೈಯ ಮೇಲಿನ ಕೂದಲು ಬೇರೆ ಹೇಳುತ್ತಿತ್ತು.

ಬ್ಯಾಗಿನೊಳಗೆ ಫೋನು ಬಡಿದುಕೊಂಡಿತು. ಭಾಗ್ಯಲಕ್ಷ್ಮಿ.

“ಅಮ್ಮಾರೆ, ಎಲ್ಲಿದೀರಿ? ಏನಾರ ಸಿಕ್ತೇನ್ರಿ?”

“ಭಾಗ್ಯ, ಒಂದೇ ಮಾತು ಕೇಳ್ತೀನಿ, ಖರೇ ಹೇಳು. ಹನ್ನೊಂದು ವರ್ಷದ ಹಿಂದೆ ಮೇಷ್ಟ್ರು ಶುಕ್ರವಾರ ನಿನ್ನ ಕೈಗೆ ನೇರಳೆ ಹರಳು ಕೊಟ್ರಲ್ಲ. ಸೋಮವಾರ ಜಾಡಿಗೆ ಬಿಟ್ಟಾಗ ಅದರಾಗೆ ಕೂದಲು ಹೆಂಗೆ ಬಂತು?”

ಆ ಕಡೆ ಕುರ್ಚಿ ಎಳೆದು ಅವಳು ದೂರ ಸರಿದ ಸದ್ದು. ಮತ್ತೆ ಅವಳು ಮಾತಾಡಿದಾಗ ದನಿ ಪಿಸುಮಾತಿಗೆ ಇಳಿದಿತ್ತು.

“ಕೂದಲು ನಂದೇ ಅಮ್ಮಾರೆ. ದಾರಕ್ಕೆ ಸಣ್ಣ ಹರಳು ಮೆತ್ಕಂತಾವೆ, ಒಂದು ಉದ್ದ ಕೂದಲು ಕೊಡು ಅಂತ ಅದಕ್ಕೂ ತಿಂಗಳು ಮುಂಚೆ ಕೇಳಿದ್ರು, ಕಿತ್ತು ಕೊಟ್ಟಿದ್ದೆ. ಆ ಶುಕ್ರವಾರನೂ ‘ಇಲ್ಲಿ ಕೊಡು, ನಾನೇ ಜೋಪಾನವಾಗಿ ಇಟ್ಟಿರ್ತೀನಿ’ ಅಂತ ನನ್ನ ಕೈಯಿಂದ ಇಸ್ಕಂಡು ಮನಿಗೆ ಒಯ್ದಿದ್ರು.”

“ಯಾರು ಭಾಗ್ಯ?”

“ಹೆಸರು ಹೇಳಾಕಾಗಲ್ರಿ ಈಗ,” ಎಂದಳು ಅವಳು. “ನನ್ನ ಎದುರಿಗೇ ಕುಂತು, ಪೆನ್ನಿನ ಮುಚ್ಚಳ ತೆಗೆದು, ಐದರ ತನಕ ಯಾಕ ಕಾಯ್ತೀಯ, ಈಗಲೇ ಸೈನ್ ಮಾಡು ಅಂತದಾರೆ.”